ಪ್ರೀತಿ ಇದೆ, ಸಂಬಂಧ ಮಾತ್ರ ನಿಂತಲ್ಲೇ ನಿಂತಿದೆ: ಇಬ್ಬರೂ ಸೇರಿ ಮಾಡಬೇಕಾದ ಕೆಲಸಗಳು

ಕಾಲೇಜಿನಲ್ಲೋ ಮೊದಲ ಕೆಲಸದಲ್ಲೋ ಪರಿಚಯವಾಗಿ, ನಾಲ್ಕೈದು ವರ್ಷ ಜೊತೆಗಿದ್ದು, ಈಗ ಜಗಳವೂ ಇಲ್ಲ, ಸಂಭ್ರಮವೂ ಇಲ್ಲ ಎನ್ನುವ ಹಂತಕ್ಕೆ ಬಂದು ನಿಂತ ಜೋಡಿಗಳಿಗಾಗಿ ಈ ಬರಹ. ಬೆಂಗಳೂರಿನಲ್ಲಿ ಇಂಥವರು ಬಹಳ ಮಂದಿ. ಅವನು ವೈಟ್‌ಫೀಲ್ಡ್‌ನ ಪಿಜಿಯಲ್ಲಿ, ಅವಳು ರಾಜಾಜಿನಗರದಲ್ಲಿ ಅಕ್ಕನ ಮನೆಯಲ್ಲಿ ಎಂದಿಟ್ಟುಕೊಳ್ಳಿ. ವಾರಕ್ಕೊಂದು ಭೇಟಿ, ದಿನಕ್ಕೊಂದು ಫೋನು. ಆ ಫೋನು ಹೀಗಿರುತ್ತದೆ:

“ಊಟ ಆಯ್ತಾ?”
“ಆಯ್ತು. ನಿಂದು?”
“ಆಯ್ತು.”
“ಮತ್ತೆ?”
“ಮತ್ತೇನಿಲ್ಲ. ನಾಳೆ ಬೇಗ ಏಳ್ಬೇಕು.”
“ಸರಿ, ಮಲ್ಕೋ.”

ಇಬ್ಬರಲ್ಲೂ ಪ್ರೀತಿ ಇದೆ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ರಜೆ ಹಾಕಿ ಓಡಿಬರುತ್ತಾರೆ. ಆದರೂ ಫೋನ್ ಇಟ್ಟ ಮೇಲೆ ಏನೋ ಖಾಲಿ. ಇದಕ್ಕೆ “ಬೋರ್ ಆಗಿದೆ” ಎಂದು ಹೆಸರಿಟ್ಟು, ಎರಡು ದಿನ ಕೊಡಗಿಗೆ ಹೋಗಿ ಬರುವುದು ಸಾಮಾನ್ಯವಾಗಿ ಎಲ್ಲರೂ ಹುಡುಕುವ ಮದ್ದು. ಬಂದ ಸೋಮವಾರ ಮತ್ತೆ ಅದೇ ಫೋನು.

ನನಗೆ ಅನಿಸುವುದು ಇಷ್ಟು: ಹೀಗೆ ನಿಂತುಹೋದ ಸಂಬಂಧಗಳಲ್ಲಿ ಬೇಸರ ಮೇಲಿನ ಪದರ ಮಾತ್ರ. ಅದರ ಕೆಳಗೆ, ಬಹಳ ಸಲ, ಇಬ್ಬರೂ ಮುಂದೂಡುತ್ತ ಬಂದ ಒಂದು ನಿರ್ಧಾರ ಕೂತಿರುತ್ತದೆ. ಮನೆಯಲ್ಲಿ ಹೇಳುವುದು ಯಾವಾಗ, ಯಾವ ಊರಿನಲ್ಲಿ ಬದುಕುವುದು, ಮಕ್ಕಳು ಬೇಕೋ ಬೇಡವೋ, ಅವಳು ಓದಲು ಹೊರದೇಶಕ್ಕೆ ಹೋದರೆ ಇವನು ಏನು ಮಾಡುವುದು. ಆ ನಿರ್ಧಾರವನ್ನು ಮುಟ್ಟದೆ ಮೇಲಿನ ಪದರವನ್ನಷ್ಟೇ ಸರಿಪಡಿಸಿದರೆ ಅದು ಹೆಚ್ಚು ದಿನ ಬಾಳುವುದಿಲ್ಲ. ಹಾಗಂತ ಮೊದಲ ದಿನವೇ ನಿರ್ಧಾರಕ್ಕೆ ಕೈಹಾಕಿದರೂ ಕೆಡುತ್ತದೆ. ತಿಂಗಳುಗಟ್ಟಲೆ ಮನಸ್ಸು ಬಿಚ್ಚಿ ಮಾತಾಡದವರು ಏಕಾಏಕಿ ಮದುವೆಯ ಮಾತು ಎತ್ತಿದರೆ ಅದು ಪಂಚಾಯಿತಿಯಾಗಿಬಿಡುತ್ತದೆ. ಅದಕ್ಕೇ ಈ ಕ್ರಮ.

ಶುರು ಮಾಡುವ ಮೊದಲು

ಎರಡು ಸಂಗತಿಗಳನ್ನು ಬೇರೆ ಮಾಡಿಕೊಳ್ಳಿ. ಸಂಗಾತಿಯ ಎದುರು ಬಾಯಿ ಬಿಡಲು ಭಯವಾಗುತ್ತಿದ್ದರೆ, ಹೊಡೆತ ಬೀಳುತ್ತಿದ್ದರೆ, ಫೋನ್ ಕಸಿದು ನೋಡುವುದು, ಫೋಟೊ ಹಂಚುತ್ತೇನೆಂದು ಬೆದರಿಸುವುದು ನಡೆಯುತ್ತಿದ್ದರೆ ಅದು ನಿಂತುಹೋದ ಸಂಬಂಧವಲ್ಲ, ಹಿಂಸೆ. ಅಲ್ಲಿ ಈ ಹೆಜ್ಜೆಗಳು ಉಪಯೋಗಕ್ಕೆ ಬರುವುದಿಲ್ಲ. ಮೊದಲು ಸುರಕ್ಷಿತವಾಗಿ ಹೊರಬರುವ ದಾರಿ ನೋಡಬೇಕು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮದುವೆಯಾದವರಿಗೆ ಮಾತ್ರವಲ್ಲ, ಮದುವೆಯಂಥದೇ ಸಂಬಂಧದಲ್ಲಿ ಒಂದೇ ಮನೆಯಲ್ಲಿ ಬದುಕಿದ ಹೆಣ್ಣುಮಕ್ಕಳಿಗೂ ಅನ್ವಯಿಸುತ್ತದೆ.

ಇನ್ನೊಂದು, ದೇಹ ಮತ್ತು ಮನಸ್ಸಿನ ಆರೋಗ್ಯ. ನೈಟ್ ಶಿಫ್ಟ್, ನಿದ್ದೆಯಿಲ್ಲದ ತಿಂಗಳುಗಳು, ಥೈರಾಯ್ಡ್, ಕೆಲಸ ಹೋದೀತೆಂಬ ಆತಂಕ, ಖಿನ್ನತೆ ಇವೆಲ್ಲ ಸಂಬಂಧದ ಸಮಸ್ಯೆಯ ವೇಷದಲ್ಲಿ ಬರುತ್ತವೆ. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಖುಷಿ ಕಾಣುತ್ತಿಲ್ಲ, ಸಂಗಾತಿಯಲ್ಲಷ್ಟೇ ಅಲ್ಲ, ಹಾಡಿನಲ್ಲೂ ಊಟದಲ್ಲೂ ಗೆಳೆಯರಲ್ಲೂ ಇಲ್ಲ ಎಂದಾದರೆ ಮೊದಲು ವೈದ್ಯರನ್ನು ಕಾಣಿ.

ಹೆಜ್ಜೆ 1: ಬೇರೆ ಬೇರೆ ಕೂತು ಬರೆಯಿರಿ

ಮಾತಿಗಿಂತ ಮೊದಲು ಬರಹ. ಇಬ್ಬರೂ ಓದಲು ಒಪ್ಪಿದರೆ ಇಬ್ಬರೂ ಬರೆಯಿರಿ; ಒಬ್ಬರೇ ಈ ಲೇಖನ ಓದುತ್ತಿದ್ದರೆ ಒಬ್ಬರೇ ಶುರು ಮಾಡಿ. ಪ್ರಶ್ನೆಗಳು ನಾಲ್ಕೇ.

ನಾವಿಬ್ಬರೂ ಮನಸಾರೆ ನಕ್ಕದ್ದು ಕೊನೆಯ ಸಲ ಯಾವಾಗ, ಯಾವ ವಿಷಯಕ್ಕೆ? ಈಚೆಗೆ ನಾನು ಗೆಳೆಯರಿಗೋ ಅಕ್ಕತಂಗಿಯರಿಗೋ ಹೇಳಿಕೊಂಡು, ಇವನಿಗೆ ಅಥವಾ ಇವಳಿಗೆ ಹೇಳದೆ ಬಿಟ್ಟದ್ದು ಏನು? ಯಾವ ವಿಷಯ ಬಂದ ಕೂಡಲೇ ನಾವಿಬ್ಬರೂ ಮಾತು ಬದಲಿಸುತ್ತೇವೆ? ಮುಂದಿನ ವರ್ಷ ಇದೇ ಹೊತ್ತಿಗೆ ನಾನು ಎಲ್ಲಿರಬೇಕು?

ಮೂರನೆಯ ಪ್ರಶ್ನೆಯೇ ಇಲ್ಲಿ ಪ್ರಧಾನ. ಅದಕ್ಕೆ ಉತ್ತರ ಬರೆಯುವಾಗ ಕೈ ತಡೆದರೆ ನಿಮ್ಮ ಸಂಬಂಧ ಎಲ್ಲಿ ನಿಂತಿದೆ ಎಂದು ಆಗಲೇ ಗೊತ್ತಾಗಿದೆ ಎಂದರ್ಥ. ಯಾವ ವಿಷಯವೂ ಇಲ್ಲ, ಎಲ್ಲ ಮಾತಾಡುತ್ತೇವೆ, ಆದರೂ ಸಪ್ಪೆ ಎನಿಸುತ್ತದೆ ಎನ್ನುವವರು 3 ಮತ್ತು 4ನೇ ಹೆಜ್ಜೆಗೆ ಹೆಚ್ಚು ಸಮಯ ಕೊಟ್ಟು 5ನ್ನು ಹಗುರವಾಗಿ ನೋಡಿದರೂ ಸಾಕು. ಬರೆದದ್ದನ್ನು ತಕ್ಷಣ ಅದಲುಬದಲು ಮಾಡಿಕೊಳ್ಳಬೇಡಿ. ಓದಿದವರು ಉತ್ತರ ಕೊಡಲು ತಯಾರಾಗಿಬಿಡುತ್ತಾರೆ, ಕೇಳಿಸಿಕೊಳ್ಳಲು ಅಲ್ಲ.

ಹೆಜ್ಜೆ 2: ಮಾತು ಎತ್ತುವ ರೀತಿ

ಬೆಳಿಗ್ಗೆ ಹನ್ನೊಂದಕ್ಕೆ “ನಿನ್ ಹತ್ರ ಸ್ವಲ್ಪ ಮಾತಾಡ್ಬೇಕು, ಸಂಜೆ ಸಿಗು” ಎಂದು ವಾಟ್ಸ್ಆ್ಯಪ್ ಮಾಡಬೇಡಿ. ಓದಿದವರ ಇಡೀ ದಿನ ಹಾಳು. ಸಂಜೆ ಅವರು ಬರುವುದು ವಾದಕ್ಕೆ ಸಜ್ಜಾಗಿಯೇ. ಅದರ ಬದಲು ವಿಷಯವನ್ನೂ ಅದರ ತೂಕವನ್ನೂ ಒಟ್ಟಿಗೆ ಹೇಳಿಬಿಡಿ: “ನಮ್ಮಿಬ್ರ ಬಗ್ಗೆ ಒಂದಷ್ಟು ಮಾತಾಡ್ಬೇಕು ಅನ್ಸಿದೆ. ಜಗಳ ಅಲ್ಲ, ಬಿಟ್ಟು ಹೋಗೋ ಮಾತೂ ಅಲ್ಲ. ಭಾನುವಾರ ಬೆಳಿಗ್ಗೆ ವಾಕ್ ಹೋಗೋಣ್ವಾ?”

ಮೊದಲ ವಾಕ್ಯಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ಹೊಸದಾಗಿ ಮದುವೆಯಾದ 124 ಜೋಡಿಗಳನ್ನು ಒಂದು ಭಿನ್ನಾಭಿಪ್ರಾಯದ ಬಗ್ಗೆ 15 ನಿಮಿಷ ಮಾತಾಡಿಸಿ ದಾಖಲಿಸಿಕೊಂಡರು, ಆಮೇಲೆ 6 ವರ್ಷ ಅವರನ್ನು ಗಮನಿಸಿದರು. 1999ರಲ್ಲಿ ಅವರೂ ಸಹೋದ್ಯೋಗಿಯೂ ಪ್ರಕಟಿಸಿದ ಆ ಅಧ್ಯಯನದ ಪ್ರಕಾರ, ಯಾರು ಬೇರೆಯಾಗುತ್ತಾರೆ ಎಂಬುದರ ಸುಳಿವು ಮಾತಿನ ಮೊದಲ 3 ನಿಮಿಷದಲ್ಲೇ ಸಿಗುತ್ತಿತ್ತು. ದೂರಿನಿಂದ ಶುರುವಾದ ಮಾತು ಸಾಮಾನ್ಯವಾಗಿ ದೂರಿನಲ್ಲೇ ಮುಗಿಯುತ್ತದೆ.

ಹಾಗಾಗಿ “ನೀನು ಮೊದ್ಲಿನ ಥರ ಇಲ್ಲ ಕಣೋ, ಬದಲಾಗಿಬಿಟ್ಟಿದೀಯ” ಎಂದು ಶುರು ಮಾಡಿದರೆ ಅವನು “ನಾನೇನು ಮಾಡ್ದೆ ಈಗ?” ಎನ್ನುತ್ತಾನೆ, ಮುಗಿಯಿತು. “ಫೋನ್ ಇಟ್ಟ ಮೇಲೆ ನಂಗೆ ಒಂಟಿ ಅನ್ಸತ್ತೆ. ದಿನಾ ಮಾತಾಡ್ತೀವಿ, ಆದ್ರೂ ನಿನ್ನ ದಿನ ಹೇಗಿತ್ತು ಅಂತ ನಂಗೆ ಗೊತ್ತಿರಲ್ಲ” ಎಂದರೆ ಅವನಿಗೆ ಎದುರಾಡಲು ಏನೂ ಇರುವುದಿಲ್ಲ, ಕೇಳುವುದಷ್ಟೇ ಉಳಿಯುತ್ತದೆ. ನಿಮ್ಮ ಅನುಭವ ಹೇಳಿ, ನಡೆದ ಒಂದು ಸಂಗತಿ ಹೇಳಿ, ಏನು ಬೇಕೋ ಅದನ್ನು ಕೇಳಿ. ‘ಯಾವಾಗ್ಲೂ’, ‘ಒಂದಿನಾನೂ’ ಎಂಬ ಮಾತುಗಳು ಬಾಯಿಗೆ ಬಂದರೆ ನುಂಗಿಕೊಳ್ಳಿ.

ಜಾಗ ಎಲ್ಲಿ ಎಂಬುದು ನಮ್ಮ ಊರುಗಳಲ್ಲಿ ಸಣ್ಣ ಪ್ರಶ್ನೆಯಲ್ಲ. ಪಿಜಿಯೊಳಗೆ ಬಿಡುವುದಿಲ್ಲ, ಮನೆಯಲ್ಲಿ ಅಕ್ಕ ಬಾವ ಇರುತ್ತಾರೆ, ಹೋಟೆಲಿನಲ್ಲಿ ಪಕ್ಕದ ಟೇಬಲ್‌ನವರ ಕಿವಿ ಇತ್ತಲೇ ಇರುತ್ತದೆ. ನನ್ನ ಸಲಹೆ ನಡೆಯುವುದು. ಅಕ್ಕಪಕ್ಕ ನಡೆಯುವಾಗ ಕಣ್ಣಿಗೆ ಕಣ್ಣು ಕೊಟ್ಟು ಕೂರಬೇಕಾಗಿಲ್ಲ. ಹೇಳಲು ಕಷ್ಟವಾದದ್ದು ಸಲೀಸಾಗಿ ಹೊರಬರುತ್ತದೆ, ನಡುನಡುವೆ ಸುಮ್ಮನಿದ್ದರೂ ಮುಜುಗರವಿಲ್ಲ. ನೇರಳೆ ಮೆಟ್ರೊ 2023ರ ಅಕ್ಟೋಬರ್‌ನಿಂದ ವೈಟ್‌ಫೀಲ್ಡ್ ತನಕ ಪೂರ್ತಿ ಓಡುತ್ತಿರುವುದರಿಂದ ಮೇಲೆ ಹೇಳಿದ ಹುಡುಗ ನೇರವಾಗಿ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಬಂದಿಳಿಯಬಹುದು, ಹುಡುಗಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದಿಂದ ಬದಲಿಸಿ ಬರಬಹುದು. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ದಂಡೆ ಇದೆ. ಒಂದು ಗಂಟೆ ಸಾಕು. ಆ ಗಂಟೆಯಲ್ಲಿ ಪರಿಹಾರ ಹುಡುಕಬೇಡಿ. ಬರೆದುಕೊಂಡದ್ದರಲ್ಲಿ ಒಂದೊಂದು ಸಂಗತಿ ಇಬ್ಬರೂ ಹೇಳಿ ಮನೆಗೆ ಹೋಗಿ.

ಹೆಜ್ಜೆ 3: ಸಣ್ಣ ಕರೆಗಳಿಗೆ ಓಗೊಡಿ

ಇದಕ್ಕೆ ಖರ್ಚಿಲ್ಲ, ಆದರೆ ಬಹಳ ಗಮನ ಬೇಕು. ನಾವು ಸಂಗಾತಿಯನ್ನು ದಿನಕ್ಕೆ ಹತ್ತಾರು ಸಲ ಸಣ್ಣದಾಗಿ ಕರೆಯುತ್ತಿರುತ್ತೇವೆ. “ಇವತ್ತು ಆಫೀಸ್‌ ಲಿಫ್ಟ್‌ನಲ್ಲಿ ಏನಾಯ್ತು ಗೊತ್ತಾ” ಎನ್ನುವುದು, ಒಂದು ರೀಲ್ ಕಳಿಸುವುದು, “ಮಳೆ ಬರ್ತಿದೆ ಇಲ್ಲಿ” ಎನ್ನುವುದು. ಇವುಗಳಲ್ಲಿ ಸುದ್ದಿ ಏನೂ ಇಲ್ಲ. ‘ಸ್ವಲ್ಪ ಇತ್ತ ನೋಡು’ ಎನ್ನುವುದಷ್ಟೇ ಅದರ ಹುರುಳು. ಗಾಟ್‌ಮನ್ ತಮ್ಮ ಪ್ರಯೋಗಾಲಯದಲ್ಲಿ ಇದನ್ನೂ ಎಣಿಸಿದ್ದರು: ಆರು ವರ್ಷದ ನಂತರವೂ ಜೊತೆಗಿದ್ದ ದಂಪತಿಗಳು ಇಂಥ ಕರೆಗಳಲ್ಲಿ ಶೇ. 86ಕ್ಕೆ ಸ್ಪಂದಿಸಿದ್ದರು, ಬೇರೆಯಾದವರು ಶೇ. 33ಕ್ಕೆ ಮಾತ್ರ.

ಕರೆಗೆ ಸ್ಪಂದಿಸುವುದೆಂದರೆ ದೊಡ್ಡದೇನಲ್ಲ. ಹತ್ತಿರದಿಂದ ನೋಡೋಣ. ರಾತ್ರಿ ಒಂಬತ್ತೂವರೆ. ಅವಳು ಹೇಳುತ್ತಾಳೆ: “ಇವತ್ತು ಅಕ್ಕ ಮಾಡಿದ ಬಸ್ಸಾರು ಥೇಟ್ ಅಜ್ಜಿ ಮಾಡ್ದಂಗೆ ಇತ್ತು.” ಅವನ ಕಣ್ಣು ಲ್ಯಾಪ್‌ಟಾಪಿನ ಮೇಲೆ. “ಹೂಂ” ಎಂದರೆ ಆ ಮಾತು ಅಲ್ಲೇ ಬಿದ್ದುಹೋಯಿತು. “ಹೌದಾ, ಅಜ್ಜಿ ಏನ್ ಸೊಪ್ಪು ಹಾಕ್ತಿದ್ರು?” ಎಂದರೆ ಸಾಕು. ಸೊಪ್ಪಿನಿಂದ ಅಜ್ಜಿಯ ಹಿತ್ತಲಿಗೆ, ಹಿತ್ತಲಿನಿಂದ ಬೇಸಿಗೆ ರಜೆಗೆ, ಅಲ್ಲಿಂದ ಅವಳು ಊರಿಗೆ ಹೋಗಿ ಎಷ್ಟು ತಿಂಗಳಾಯಿತು, ಯಾಕೆ ಹೋಗಲು ಮನಸ್ಸಾಗುತ್ತಿಲ್ಲ ಎಂಬಲ್ಲಿಗೆ ಮಾತು ತಾನಾಗಿ ಹೋಗುತ್ತದೆ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ, ಅದಕ್ಕೇ ಹೋಗುತ್ತಿಲ್ಲ ಎಂಬುದು ಅವನಿಗೆ ಗೊತ್ತಾಗುವುದು ಬಸ್ಸಾರಿನ ಮಾತಿನಿಂದಲೇ.

ಒಂದು ವಾರ ಇಷ್ಟು ಮಾಡಿ: ದಿನದಲ್ಲಿ ಅರ್ಧ ಗಂಟೆ, ಇಬ್ಬರಿಗೂ ಒಗ್ಗುವ ಹೊತ್ತಿನಲ್ಲಿ, ಬೇರೆ ಪರದೆಗಳನ್ನು ಮುಚ್ಚಿ ಮಾತಾಡಿ. “ಊಟ ಆಯ್ತಾ” ಎನ್ನುವುದನ್ನು ಬಿಡಬೇಡಿ, ಅದು ನಮ್ಮ ಅಕ್ಕರೆಯ ಮಾತು. ಆದರೆ ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆ ಇರಲಿ. ನಿನ್ನೆ ಹೇಳಿದ್ದನ್ನು ನೆನಪಿಟ್ಟು ಕೇಳುವ ಪ್ರಶ್ನೆಯಾದರೆ ಇನ್ನೂ ಒಳ್ಳೆಯದು: “ಆ ಮ್ಯಾನೇಜರ್ ಇವತ್ತೂ ಹಾಗೇ ಮಾಡಿದ್ರಾ?” ಒಬ್ಬರು ಜರ್ಮನಿಯಲ್ಲೋ ಅಮೆರಿಕದಲ್ಲೋ ಇದ್ದು ಹೊತ್ತು ಹೊಂದದಿದ್ದರೆ ವಾಯ್ಸ್ ನೋಟ್ ಕಳಿಸಿ, ದನಿ ಕೇಳಲಿ. ಟೈಪ್ ಮಾಡಿದ ನಾಲ್ಕು ಸಾಲಿಗಿಂತ ಬಸ್‌ಸ್ಟಾಪಿನ ಗದ್ದಲದ ನಡುವಿನ ಒಂದು ನಿಮಿಷದ ಮಾತು ಹೆಚ್ಚು ಹತ್ತಿರ ತರುತ್ತದೆ.

ಹೆಜ್ಜೆ 4: ಇಬ್ಬರಿಗೂ ಬಾರದ ಕೆಲಸವೊಂದನ್ನು ಹಿಡಿಯಿರಿ

ಮನೋವಿಜ್ಞಾನಿ ಆರ್ಥರ್ ಆರನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದೆ. ಜೋಡಿಗಳ ಕೈಕಾಲನ್ನು ಒಂದಕ್ಕೊಂದು ಪಟ್ಟಿಯಿಂದ ಕಟ್ಟಿ, ನಡುವೆ ದಿಂಬು ಸಿಕ್ಕಿಸಿ, ಕೈ ಮುಟ್ಟಿಸದೆ ಅದನ್ನು ಹೊತ್ತು ಚಾಪೆಯ ಮೇಲೆ ಅಂಬೆಗಾಲಲ್ಲಿ ಸಾಗಲು ಹೇಳಿದರು. ಏಳು ನಿಮಿಷದ ಈ ಆಟ ಆಡಿದವರಲ್ಲಿ, ಸಪ್ಪೆ ಕೆಲಸ ಮಾಡಿದ ಜೋಡಿಗಳಿಗಿಂತ ಸಂಬಂಧದ ಬಗೆಗಿನ ತೃಪ್ತಿ ಹೆಚ್ಚಿತ್ತು. ಇದರಲ್ಲಿ ನಾನು ಕಾಣುವುದು ಇಷ್ಟು: ಖರ್ಚು ಮುಖ್ಯವಲ್ಲ, ಹಿತವಾಗಿರುವುದೂ ಮುಖ್ಯವಲ್ಲ. ಹೊಸದಾಗಿರಬೇಕು, ಒಬ್ಬರಿಗೊಬ್ಬರು ಆತುಕೊಳ್ಳಬೇಕು.

ರೆಸಾರ್ಟಿನ ವಾರಾಂತ್ಯ ಫಲ ಕೊಡದಿರುವುದು ಇದಕ್ಕೇ ಇರಬೇಕು. ಅಲ್ಲಿ ಇಬ್ಬರೂ ಕೂತು ಸೇವೆ ಪಡೆಯುತ್ತಾರೆ, ಒಬ್ಬರಿಗೊಬ್ಬರ ಅಗತ್ಯ ಬೀಳುವುದಿಲ್ಲ. ಬದಲಿಗೆ ಇಬ್ಬರೂ ಈಜು ಕಲಿಯಿರಿ. ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ನೋಡಿ, ಮೆಟ್ರೊ ತನಕ ನಡೆಯುತ್ತ ಅದರ ಬಗ್ಗೆ ಜಗಳವಾಡಿ. ಕಾರ್ತಿಕದ ಕೊನೆಯ ಸೋಮವಾರದ ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ ನೂಕುನುಗ್ಗಲಿನ ನಡುವೆ ಅಲೆಯಿರಿ. ಮೀನು ತಿನ್ನುವವರಾದರೆ ಮಾರುಕಟ್ಟೆಯಿಂದ ಇಡೀ ಬಂಗುಡೆ ತಂದು ಕ್ಲೀನ್ ಮಾಡುವುದರಿಂದ ಹಿಡಿದು ಇಬ್ಬರೇ ಅಡುಗೆ ಮಾಡಿ. ಒಬ್ಬರು ಗುರು, ಇನ್ನೊಬ್ಬರು ಶಿಷ್ಯರಾಗುವ ಕೆಲಸ ಬೇಡ. ಇಬ್ಬರೂ ತಪ್ಪು ಮಾಡುವಂಥದಿರಲಿ. ಹದಿನೈದು ದಿನಕ್ಕೊಂದು ಸಾಕು, ಯಾರು ಯೋಜನೆ ಹಾಕುವುದೆಂಬುದು ಸರದಿಯಾಗಲಿ. ಯೋಜನೆಯ ಹೊರೆ ಸದಾ ಒಬ್ಬರ ತಲೆಯ ಮೇಲೇ ಇದ್ದರೆ ಅವರಿಗೆ ಅದು ಇನ್ನೊಂದು ಆಫೀಸ್ ಕೆಲಸ.

ಮೈ ಸ್ಪರ್ಶದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದು ಕಡಿಮೆಯಾಗಿದ್ದರೆ ನೇರವಾಗಿ ಅದನ್ನೇ ಗುರಿ ಮಾಡಬೇಡಿ, ಒತ್ತಾಯವಂತೂ ಕೂಡದೇ ಕೂಡದು. ಕೈ ಹಿಡಿದು ನಡೆಯುವುದು, ಹೆಗಲಿಗೆ ತಲೆಯಿಡುವುದು ಮರಳಿದರೆ ಉಳಿದದ್ದಕ್ಕೆ ದಾರಿಯಾಗುತ್ತದೆ.

ಹೆಜ್ಜೆ 5: ಮುಂದೂಡಿದ ನಿರ್ಧಾರಕ್ಕೆ ತಾರೀಖು ಹಾಕಿ

ಮೇಲಿನದೆಲ್ಲ ಒಂದು ತಿಂಗಳು ನಡೆದ ಮೇಲೆ ಇದು. ಮಾತಿನಲ್ಲಿ ಮೆದು ಬಂದಿರುತ್ತದೆ, ಈಗ ಕಠಿಣವಾದದ್ದನ್ನು ಮುಟ್ಟಬಹುದು.

ಇಬ್ಬರೂ ಒಂದೊಂದು ಹಾಳೆ ತೆಗೆದುಕೊಂಡು ಈ ವಿಷಯಗಳ ಮುಂದೆ ‘ಹೌದು’, ‘ಇಲ್ಲ’, ‘ಗೊತ್ತಿಲ್ಲ’ ಎಂದು ಬರೆಯಿರಿ: ಮದುವೆಯಾಗಬೇಕು, ಇದೇ ಊರಿನಲ್ಲಿರಬೇಕು, ಮಕ್ಕಳು ಬೇಕು, ತಂದೆತಾಯಿ ಜೊತೆಗಿರಬೇಕು, ಮನೆಯವರು ಒಪ್ಪದಿದ್ದರೂ ಮುಂದುವರಿಯುತ್ತೇನೆ. ಆಮೇಲೆ ಹಾಳೆಗಳನ್ನು ಪಕ್ಕಪಕ್ಕ ಇಡಿ. ಇಬ್ಬರದೂ ಒಂದೇ ಇದ್ದಲ್ಲಿ ಚರ್ಚೆ ಬೇಡ. ‘ಗೊತ್ತಿಲ್ಲ’ ಇದ್ದಲ್ಲಿ ಗೊತ್ತಾಗಲು ಏನು ಬೇಕು ಎಂದು ಕೇಳಿ. ‘ಹೌದು’ ಎದುರು ‘ಇಲ್ಲ’ ಬಂದರೆ, ಅದನ್ನು ಪ್ರೀತಿ ಕಡಿಮೆ ಎಂದು ಓದಬೇಡಿ. ಅದು ಬದುಕಿನ ಬಗೆಗಿನ ಭಿನ್ನಾಭಿಪ್ರಾಯ. ಆದರೆ ಅದು ನಿಜವಾದ ಭಿನ್ನಾಭಿಪ್ರಾಯ, ಮುಂದೆ ಸರಿಹೋಗುತ್ತದೆ ಎಂದು ತೇಲಿಸಿದರೆ ಸರಿಹೋಗುವುದಿಲ್ಲ. ಮಕ್ಕಳ ವಿಷಯದಲ್ಲಂತೂ ಮಧ್ಯದ ದಾರಿಯೇ ಇಲ್ಲ.

ನಮ್ಮಲ್ಲಿ ಬಹುಪಾಲು ಜೋಡಿಗಳು ಸಿಕ್ಕಿಬೀಳುವುದು ಆ ಪಟ್ಟಿಯ ಕೊನೆಯದರಲ್ಲಿ, ಮನೆಯವರ ಒಪ್ಪಿಗೆಯ ವಿಷಯದಲ್ಲಿ. “ಅಕ್ಕನ ಮದ್ವೆ ಆಗ್ಲಿ”, “ಅಪ್ಪನ ಆಪರೇಷನ್ ಮುಗೀಲಿ”, “ಮನೆ ಲೋನ್ ತೀರ್ಲಿ”. ಒಂದೊಂದೂ ನಿಜವಾದ ಕಾರಣವೇ. ಆದರೆ ಒಂದು ಮುಗಿದ ಕೂಡಲೇ ಇನ್ನೊಂದು ಬರುತ್ತಿದ್ದರೆ ಅಲ್ಲಿರುವುದು ಭಯ, ಮತ್ತು ಆ ಭಯವನ್ನೇ ಮಾತಾಡಬೇಕು: “ಅಪ್ಪ ಮಾತು ಬಿಟ್ರೆ ನಾನು ತಡ್ಕೊಳಲ್ಲ ಅನ್ಸತ್ತೆ ಕಣೇ” ಎಂದು ಒಬ್ಬ ಹುಡುಗ ಹೇಳಿದರೆ, ಅದು ಮೂರು ವರ್ಷದ ಸಬೂಬುಗಳಿಗಿಂತ ಹೆಚ್ಚು ಪ್ರಾಮಾಣಿಕ. ಕಾಯುತ್ತಿರುವವರ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೆಣ್ಣಿನ ಮನೆಯಲ್ಲಿ ಸಂಬಂಧ ನೋಡುವ ಒತ್ತಡ ಬೇಗ ಶುರುವಾಗುತ್ತದೆ. “ಇನ್ನೊಂದು ವರ್ಷ” ಎಂಬ ಮಾತು ಇಬ್ಬರಿಗೂ ಒಂದೇ ತೂಕದ್ದಲ್ಲ.

ತಾರೀಖು ಹಾಕುವುದೆಂದರೆ ಮುಹೂರ್ತ ನೋಡುವುದಲ್ಲ. “ದೀಪಾವಳಿಗೆ ಊರಿಗೆ ಹೋದಾಗ ಅಮ್ಮನಿಗೆ ಹೇಳ್ತೀನಿ” ಎಂಬಂಥ ಒಂದು ಹೆಜ್ಜೆ, ಒಂದು ದಿನ, ಒಬ್ಬರ ಹೊಣೆ. ಮೊದಲು ತಂದೆಗೇ ಹೇಳಬೇಕೆಂದಿಲ್ಲ. ಮನೆಯಲ್ಲಿ ಮಾತು ನಡೆಯುವುದು ಯಾರದು? ಸೋದರಮಾವನದೋ, ಚಿಕ್ಕಮ್ಮನದೋ, ಅಕ್ಕನದೋ? ಅವರಿಗೆ ಮೊದಲು ಹೇಳಿ, ಹೇಳುವಾಗ ಒಪ್ಪಿಗೆ ಕೇಳಬೇಡಿ, ಸಹಾಯ ಕೇಳಿ. ಮೊದಲ ಉತ್ತರ ಕೋಪದಲ್ಲಿ ಬಂದರೆ ಅದನ್ನೇ ಕೊನೆಯ ಉತ್ತರವೆಂದು ಹಿಡಿಯಬೇಡಿ.

ಜಾತಿ ಅಥವಾ ಧರ್ಮ ಬೇರೆಯಾದವರು ಕಾನೂನನ್ನು ಸರಿಯಾಗಿ ತಿಳಿದಿರಲಿ, ತಿಳಿಯದ ಭಯವೂ ಸಂಬಂಧವನ್ನು ನಿಲ್ಲಿಸುತ್ತದೆ. ಇಬ್ಬರೂ ಹಿಂದೂಗಳಾಗಿ ಜಾತಿ ಮಾತ್ರ ಬೇರೆಯಾಗಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯಡಿಯೇ ಮದುವೆಯಾಗಿ ನೋಂದಾಯಿಸಬಹುದು. ಮೂವತ್ತು ದಿನದ ನೋಟಿಸ್ ಅದಕ್ಕಿಲ್ಲ. ಧರ್ಮ ಬೇರೆಯಾಗಿ, ಮತಾಂತರ ಬೇಡವೆಂದರೆ 1954ರ ವಿಶೇಷ ವಿವಾಹ ಕಾಯ್ದೆ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು, ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು, ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು. ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ, ಹಾಗಾಗಿ ಮನೆಗೆ ನೀವು ಹೇಳುವ ಮೊದಲೇ ಸುದ್ದಿ ತಲುಪಬಹುದೆಂಬುದನ್ನು ಲೆಕ್ಕಕ್ಕಿಟ್ಟುಕೊಳ್ಳಿ. ಬೆಳಗಾವಿ ಜಿಲ್ಲೆಯ ಜೋಡಿಯೊಂದರ ಪ್ರಕರಣದಲ್ಲಿ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ವಯಸ್ಕರಿಬ್ಬರು ಮದುವೆಗೆ ಒಪ್ಪಿದ ಮೇಲೆ ಕುಟುಂಬದ, ಸಮುದಾಯದ ಸಮ್ಮತಿ ಅಗತ್ಯವಿಲ್ಲ. ಮನೆಯವರಿಂದ ಜೀವಕ್ಕೆ ಅಪಾಯವಿದೆ ಎನಿಸಿದರೆ ತಾರೀಖಿನ ಮಾತು ಬಿಟ್ಟು ಮೊದಲು ವಕೀಲರನ್ನು ಕಂಡು ರಕ್ಷಣೆಯ ದಾರಿ ಕೇಳಿ.

ನಡುವೆ ಜಗಳವಾದರೆ

ಆಗುತ್ತದೆ. ಬಹುಕಾಲ ಸುಮ್ಮನಿದ್ದ ಜೋಡಿಗೆ ಜಗಳ ಬಂದರೆ ಅದು ಕೆಟ್ಟ ಲಕ್ಷಣವೇ ಆಗಬೇಕಿಲ್ಲ. ಎದೆ ಹೊಡೆದುಕೊಳ್ಳುತ್ತಿದೆ, ಕಿವಿಗೆ ಏನೂ ಹೋಗುತ್ತಿಲ್ಲ ಎನಿಸಿದಾಗ ನಿಲ್ಲಿಸಿ. ಮೈ ತಣಿಯಲು ಕನಿಷ್ಠ 20 ನಿಮಿಷ ಬೇಕು. ಆದರೆ ನಿಲ್ಲಿಸುವಾಗ ಮರಳುವ ಹೊತ್ತು ಹೇಳಿ: “ಈಗ ಆಗ್ತಿಲ್ಲ, ಒಂಬತ್ತಕ್ಕೆ ನಾನೇ ಫೋನ್ ಮಾಡ್ತೀನಿ.” ಹೇಳಿದ ಹೊತ್ತಿಗೆ ಮಾಡಿ. ಹೊತ್ತು ಹೇಳದೆ ದಿನಗಟ್ಟಲೆ ಮಾತು ಬಿಡುವುದು ಶಿಕ್ಷೆ. ಒಬ್ಬರು ಬೆನ್ನು ಹತ್ತಿದಷ್ಟೂ ಇನ್ನೊಬ್ಬರು ಒಳಗೆ ಸರಿಯುತ್ತಾರೆ, ಸರಿದಷ್ಟೂ ಇವರು ಬೆನ್ನು ಹತ್ತುತ್ತಾರೆ. ಈ ಸುತ್ತನ್ನು ಮುರಿಯುವುದು ಆ ಒಂದು ಫೋನ್ ಕರೆ. ಹೀಯಾಳಿಕೆ, ಮನೆಯವರನ್ನು ಎಳೆದು ತರುವುದು, ಜಾತಿ ಎತ್ತಿ ಆಡುವುದು ಎಂಥ ಕೋಪದಲ್ಲೂ ಬೇಡ. ಉಳಿದವನ್ನು ಮರೆಯಬಹುದು, ಅದನ್ನು ಮರೆಯಲಾಗುವುದಿಲ್ಲ.

ಮೂರನೆಯವರ ನೆರವು

ಇಬ್ಬರ ಗೆಳೆಯರನ್ನು ನ್ಯಾಯಕ್ಕೆ ಕೂರಿಸಬೇಡಿ, ಅವರು ಪಕ್ಷ ಹಿಡಿಯಬೇಕಾಗುತ್ತದೆ. ಒಂದೇ ವಿಷಯ ಮತ್ತೆ ಮತ್ತೆ ಬಂದು ನಿಲ್ಲುತ್ತಿದ್ದರೆ ತರಬೇತಿ ಪಡೆದ ಆಪ್ತಸಮಾಲೋಚಕರಲ್ಲಿಗೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಮತ್ತು ದಾಂಪತ್ಯದ ಸಮಸ್ಯೆಗಳಿಗೆಂದೇ ವಿಭಾಗವಿದೆ. ಊರಿನಲ್ಲಿ ಯಾರೂ ಸಿಗದಿದ್ದರೆ 2022ರ ಅಕ್ಟೋಬರ್‌ನಲ್ಲಿ ಶುರುವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ: 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಒಬ್ಬರು ಬರಲು ಒಪ್ಪದಿದ್ದರೆ ಇನ್ನೊಬ್ಬರು ಒಂಟಿಯಾಗಿಯೇ ಹೋಗಬಹುದು, ಅದರಿಂದಲೂ ಪ್ರಯೋಜನವಿದೆ.

ಹಾಕಿಕೊಂಡ ತಾರೀಖು ದಾಟಿದರೆ

ಒಮ್ಮೆ ದಾಟಿದರೆ ಕಾರಣ ಕೇಳಿ, ಹೊಸ ತಾರೀಖು ಹಾಕಿ. ಎರಡನೆಯ ಸಲವೂ ಹೇಳಿಕೊಳ್ಳುವಂಥ ಕಾರಣವಿಲ್ಲದೆ ದಾಟಿದರೆ ಅದೇ ಉತ್ತರ ಎಂದು ತಿಳಿಯಿರಿ. ಪ್ರೀತಿ ಇದ್ದೂ ಜೊತೆಗೆ ಬದುಕಲಾಗದವರು ಇರುತ್ತಾರೆ. ಇಲ್ಲಿ ಒಬ್ಬರು ವಿಲನ್ ಆಗಬೇಕಿಲ್ಲ.

ಬಿಡುವುದೇ ಎಂದಾದರೆ ಎದುರು ಕೂತು ಹೇಳಿ, ದೂರದಲ್ಲಿದ್ದರೆ ವಿಡಿಯೊ ಕಾಲ್‌ನಲ್ಲಿ. ಮೆಸೇಜ್‌ನಲ್ಲಿ ಬೇಡ, ಗೆಳೆಯರ ಮೂಲಕ ಬೇಡ, ಕರೆ ಎತ್ತದೆ ಮಾಯವಾಗುವುದಂತೂ ಬೇಡವೇ ಬೇಡ. ಕಾರಣವನ್ನು ಒಂದೇ ಸಲ ನಿಜವಾಗಿ ಹೇಳಿ. ಒಬ್ಬರ ಬಳಿಯಿರುವ ಇನ್ನೊಬ್ಬರ ಖಾಸಗಿ ಫೋಟೊಗಳನ್ನು ಇಬ್ಬರೂ ಅಳಿಸಿ, ಕ್ಲೌಡ್‌ನಲ್ಲಿ ಉಳಿದದ್ದನ್ನೂ ಸೇರಿಸಿ. ಪಾಸ್‌ವರ್ಡ್‌ಗಳನ್ನು ಬದಲಿಸಿ. ಜೊತೆಯಾಗಿ ತೆಗೆದುಕೊಂಡ ಗಾಡಿಯ ಇಎಂಐ, ಬಾಡಿಗೆ ಮನೆಯ ಅಡ್ವಾನ್ಸ್ ಯಾರದು ಎಷ್ಟು ಎಂಬುದನ್ನು ಅದೇ ವಾರ ಬರೆದು ಮುಗಿಸಿ. ಮೊದಲ ಕೆಲವು ತಿಂಗಳು “ಫ್ರೆಂಡ್ಸ್ ಆಗಿರೋಣ” ಎನ್ನುವುದನ್ನು ಬದಿಗಿಡಿ. ಇಬ್ಬರಿಗೂ ದೂರ ಬೇಕು. ಆ ದಿನಗಳಲ್ಲಿ ಒಬ್ಬರೇ ಕೋಣೆಯಲ್ಲಿ ಉಳಿಯದೆ, ನಿಮ್ಮನ್ನು ಬಲ್ಲ ಒಬ್ಬರ ಮನೆಯಲ್ಲಿ ಒಂದಷ್ಟು ದಿನ ಇದ್ದುಬನ್ನಿ, ಯಾಕೆ ಬಂದಿದ್ದೀರಿ ಎಂದು ಅವರಿಗೆ ಮೊದಲೇ ಹೇಳಿರಿ.